ಹೊತ್ತು ಮುಳುಗಿದ ಮೇಲಿನ ಹೊಗೆ

ಡಿಸೆಂಬರ್ ಕೊನೆಯ ಬೆಳಗಿನಲ್ಲಿ ಬೀದರ್ ಕೋಟೆಯ ಉತ್ತರದ ಗೋಡೆಯ ಬಳಿ ನಿಂತವರಿಗೆ ಕೆಳಗಿನ ಬಯಲಿನುದ್ದಕ್ಕೂ ಬೂದು ಬಣ್ಣದ ಪಟ್ಟಿಯೊಂದು ಹಾಸಿಕೊಂಡಿರುವುದು ಕಾಣುತ್ತದೆ. ಮಂಜು ಎನ್ನುತ್ತಾರೆ. ಅದರಲ್ಲಿ ಮಂಜೂ ಇರುತ್ತದೆ. ಆದರೆ ಸುಟ್ಟ ರವದಿಯ ವಾಸನೆ ಮೂಗಿಗೆ ತಾಗಿದರೆ ಬೆರೆತಿರುವುದು ನೀರಹನಿ ಮಾತ್ರವಲ್ಲ ಎಂದು ಗೊತ್ತಾಗುತ್ತದೆ. ಆ ಪಟ್ಟಿಯ ಮೇಲಂಚನ್ನು ಗಮನಿಸಬೇಕು. ಹೊಗೆ ಮೇಲೇರುವುದೇ ಸಹಜವಾದರೂ ಅದು ಗೆರೆ ಎಳೆದ ಹಾಗೆ ಸಪಾಟಾಗಿರುತ್ತದೆ. ಬಿಸಿಲೇರಿ ಹತ್ತು ಗಂಟೆಯಾಗುವ ಹೊತ್ತಿಗೆ ಗೆರೆ ಕದಡಿಹೋಗಿ, ಹನ್ನೊಂದಕ್ಕೆ ಆಕಾಶ ಮಾಮೂಲಿನಂತಾಗುತ್ತದೆ. ಹೊಗೆ ಅಲ್ಲಿಗೇ ಏಕೆ ನಿಂತಿತು, ಯಾವ ಬೆಂಕಿಯದು, ಎಷ್ಟಿತ್ತು, ಅದನ್ನು ಎಣಿಸಿದವರು ಯಾರು ಎಂಬುದನ್ನು ಒಂದೊಂದಾಗಿ ನೋಡೋಣ.

ಕಾಡ್ಗಿಚ್ಚಿನ ಹೊಗೆ ಎಂದ ಕೂಡಲೇ ನೆನಪಾಗುವುದು ದೊಡ್ಡ ಬೆಂಕಿಗಳು. 2023ರ ಜೂನ್‌ನಲ್ಲಿ ಕೆನಡಾದ ಕಾಡುಗಳ ಹೊಗೆ ನೂರಾರು ಕಿಲೋಮೀಟರ್ ದಾಟಿ ಬಂದು ನ್ಯೂಯಾರ್ಕ್‌ನ ಆಕಾಶವನ್ನು ಹಾಡಹಗಲೇ ಕಿತ್ತಳೆ ಬಣ್ಣಕ್ಕೆ ತಿರುಗಿಸಿತ್ತು. 2019ರ ಫೆಬ್ರುವರಿಯಲ್ಲಿ ನಮ್ಮ ಬಂಡೀಪುರದಲ್ಲಿ ಕೆಲವೇ ದಿನಗಳಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಿತು. ಬೀದರ್ ಜಿಲ್ಲೆಯಲ್ಲಿ ಅಂಥ ಕಾಡಿಲ್ಲ. ಹೊನ್ನಿಕೇರಿಯ ಮೀಸಲು ಅರಣ್ಯ, ಅಲ್ಲಲ್ಲಿ ಕುರುಚಲು, ಜಂಬಿಟ್ಟಿಗೆ ನೆಲದ ಮೇಲೆ ಕೃಷ್ಣಮೃಗಗಳು ಮೇಯುವ ಹುಲ್ಲುಗಾವಲು, ಅಷ್ಟೇ. ಇಲ್ಲಿನ ಬೆಂಕಿ ಹೊಲದ್ದು. ಒಂದೆಕರೆಯದು, ಎರಡೆಕರೆಯದು, ಕೆಲವೊಮ್ಮೆ ಬದುವಿನ ಒಂದು ಸಾಲಿನದು. ಸುದ್ದಿಯಾಗದ ಇಂಥ ಬೆಂಕಿಗಳೆಲ್ಲ ಸೇರಿ ಏನು ಮಾಡುತ್ತವೆ ಎಂಬುದನ್ನು ತಿಳಿಯಲು ದೊಡ್ಡ ಕಾಡ್ಗಿಚ್ಚುಗಳಿಗಾಗಿ ಬೆಳೆದ ವಿಜ್ಞಾನವೇ ಬೇಕು.

ಎಲ್ಲಕ್ಕಿಂತ ಮೊದಲು ಸುಡುವ ಸರಕು ಯಾವುದೆಂದು ನೋಡಬೇಕು. ಕಾರಂಜಾ ಜಲಾಶಯದ ನೀರು ಹರಿಯುವಲ್ಲಿ, ಮಾಂಜ್ರಾ ನದಿಯ ದಂಡೆಗಳಲ್ಲಿ ಕಬ್ಬಿದೆ. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಬೀದರ್ ತಾಲ್ಲೂಕಿನಲ್ಲಿ ನಾರಂಜಾ ಕಾರ್ಖಾನೆ ಇವೆ. ಚಳಿಗಾಲದಲ್ಲಿ ಕಬ್ಬು ನುರಿಸುವ ಹಂಗಾಮು ನಡೆಯುವಾಗ ಒಂದೊಂದೇ ಹೊಲ ಕಟಾವಾಗುತ್ತದೆ. ಕಟಾವಿನವರು ಕಬ್ಬನ್ನು ಸವರಿ ಲಾರಿಗೆ ಹೇರಿ ಹೋದ ಮೇಲೆ ಹೊಲದ ತುಂಬ ಒಣ ಎಲೆ ಉಳಿಯುತ್ತದೆ. ಹಳೇ ಮೈಸೂರಿನವರು ಅದನ್ನು ತರಗು, ಸೋಗೆ ಎಂದಾರು. ಇತ್ತ ಅದು ರವದಿ. ಎಕರೆಗೆ ಮೂರು ಟನ್‌ಗೆ ಮೋಸವಿಲ್ಲ. ಅದರಲ್ಲೇ ಕುಳೆ ಬೆಳೆ ಬರಬೇಕು. ರವದಿ ಇದ್ದರೆ ನೀರು ಸಾಲಿನಲ್ಲಿ ಓಡುವುದಿಲ್ಲ, ಎತ್ತಿನ ಕುಂಟೆ ಸಿಕ್ಕಿಕೊಳ್ಳುತ್ತದೆ, ಇಲಿ ಸೇರುತ್ತವೆ. ಒಂದು ಬೆಂಕಿಕಡ್ಡಿಗೆ ಎಲ್ಲ ಚೊಕ್ಕಟವಾಗುತ್ತದೆ.

ಔರಾದ್ ಕಡೆ ಚಿತ್ರ ಬೇರೆ. ಅದು ಹೆಚ್ಚಾಗಿ ಮಳೆಯನ್ನೇ ನಂಬಿದ ಎರೆ ಭೂಮಿ. ತೊಗರಿ, ಸೋಯಾ, ಉದ್ದು, ಹೆಸರು, ಜೋಳ ಅಲ್ಲಿನ ಬೆಳೆಗಳು. ಜೋಳದ ಕಣಿಕೆಯನ್ನು ಯಾರೂ ಸುಡುವುದಿಲ್ಲ, ಅದು ದನದ ಬಾಯಿಯ ತುತ್ತು. ತೊಗರಿ ಕಟ್ಟಿಗೆ ಒಲೆಗೆ ಹೋಗುತ್ತದೆ, ಬೇಲಿಯಾಗುತ್ತದೆ. ಗ್ಯಾಸ್ ಬಂದ ಮನೆಗಳಲ್ಲಿ ಒಲೆಯ ಬೇಡಿಕೆ ಇಳಿದಂತೆ ಕಟ್ಟಿಗೆಯ ರಾಶಿ ಬದುವಿನ ಮೇಲೇ ಉಳಿದು, ಮುಂಗಾರಿಗೆ ಹೊಲ ಹಸನು ಮಾಡುವಾಗ ಮೇ ತಿಂಗಳಲ್ಲಿ ಬೆಂಕಿ ಕಾಣುತ್ತದೆ. ಅಂದರೆ ಭಾಲ್ಕಿಯ ಹೊಗೆ ಬಹುಪಾಲು ಚಳಿಗಾಲದ್ದು, ಔರಾದಿನದು ಬೇಸಿಗೆಯದು. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಮುಂದೆ ಗೊತ್ತಾಗುತ್ತದೆ.

ಬೆಂಕಿಯೊಂದರಿಂದ ಎಷ್ಟು ಹೊಗೆ ಹೊರಟಿತೆಂದು ಲೆಕ್ಕ ಹಾಕುವ ವಿಧಾನ 1980ರ ಸುಮಾರಿನದು. ಜರ್ಮನಿಯ ಮೈನ್ಜ್‌ನಲ್ಲಿದ್ದ ಪಾಲ್ ಕ್ರುಟ್ಜನ್ ಮತ್ತು ವೋಲ್ಫ್‌ಗ್ಯಾಂಗ್ ಸೈಲರ್ ಅದನ್ನು ರೂಪಿಸಿದರು. ಓಜೋನ್ ಪದರದ ಕುರಿತ ಕೆಲಸಕ್ಕೆ 1995ರಲ್ಲಿ ನೊಬೆಲ್ ಪಡೆದ ಕ್ರುಟ್ಜನ್ ಅದಕ್ಕೂ ಮುಂಚೆ, ಉಷ್ಣವಲಯದ ಹೊಲ–ಕಾಡುಗಳ ಬೆಂಕಿ ಇಡೀ ಭೂಮಿಯ ಗಾಳಿಯನ್ನೇ ಬದಲಿಸುತ್ತಿದೆ ಎಂದು 1979ರಲ್ಲೇ ಹೇಳಿದ್ದರು. ಕೈಗಾರಿಕೆ ಮತ್ತು ವಾಹನಗಳೇ ಗಾಳಿಯ ಶತ್ರುಗಳೆಂದು ಎಲ್ಲರೂ ನಂಬಿದ್ದ ಕಾಲ ಅದು. ಅವರ ವಿಧಾನ ಸರಳ: ಸುಟ್ಟ ಜಾಗ ಎಷ್ಟು, ಆ ಜಾಗದಲ್ಲಿ ಒಣ ಸರಕು ಎಷ್ಟಿತ್ತು, ಅದರಲ್ಲಿ ನಿಜವಾಗಿ ಸುಟ್ಟದ್ದು ಎಷ್ಟು ಪಾಲು ಎಂಬುದನ್ನು ಗುಣಿಸಬೇಕು. ಬಂದ ತೂಕವನ್ನು ಒಂದು ಕಿಲೋ ಸುಟ್ಟರೆ ಎಷ್ಟು ಗ್ರಾಂ ಹೊಗೆ ಎಂಬ ಸಂಖ್ಯೆಯಿಂದ ಮತ್ತೆ ಗುಣಿಸಬೇಕು. ಈ ಕೊನೆಯ ಸಂಖ್ಯೆಗಳನ್ನು ಪ್ರಯೋಗಶಾಲೆಯಲ್ಲಿ ಹುಲ್ಲು, ಎಲೆ, ಕಡ್ಡಿ ಸುಟ್ಟು, ವಿಮಾನದಲ್ಲಿ ಹೊಗೆಯ ಕಂಬದೊಳಗೇ ಹಾದು ಅಳೆದಿದ್ದಾರೆ. ಮೈನ್ಜ್‌ನವರೇ ಆದ ಮೈನ್‌ರಾಟ್ ಆಂಡ್ರಿಯೇ ಜಗತ್ತಿನ ಅಳತೆಗಳನ್ನೆಲ್ಲ ಒಟ್ಟುಗೂಡಿಸಿ 2001ರಲ್ಲೊಮ್ಮೆ, 2019ರಲ್ಲೊಮ್ಮೆ ಪಟ್ಟಿ ಮಾಡಿದರು.

ಆ ಲೆಕ್ಕವನ್ನು ಭಾಲ್ಕಿಯ ಒಂದೆಕರೆ ಕಬ್ಬಿನ ಹೊಲಕ್ಕೆ ಹಾಕಿ ನೋಡೋಣ. ಮೂರು ಟನ್ ರವದಿಯಲ್ಲಿ ಎರಡೂವರೆ ಟನ್ ಸುಟ್ಟಿತು ಎನ್ನಿ. ಕಿಲೋಗೆ ಆರು ಗ್ರಾಂನಂತೆ ಹದಿನೈದು ಕಿಲೋ ಅತಿಸೂಕ್ಷ್ಮ ಕಣ ಗಾಳಿಗೆ ಸೇರುತ್ತದೆ. ಜತೆಗೆ ಸುಮಾರು 190 ಕಿಲೋ ಕಾರ್ಬನ್ ಮಾನಾಕ್ಸೈಡ್, ಮೂರೂವರೆ ಟನ್‌ಗೂ ಮಿಗಿಲಾದ ಕಾರ್ಬನ್ ಡೈಆಕ್ಸೈಡ್. ಕೊನೆಯದನ್ನು ಮುಂದಿನ ಬೆಳೆ ಹೀರಿಕೊಳ್ಳುತ್ತದೆ, ಅದರ ಚಿಂತೆ ಇಲ್ಲಿ ಬೇಡ. ಊರಿನವರ ಎದೆಗೆ ಸಂಬಂಧಪಟ್ಟದ್ದು ಆ ಹದಿನೈದು ಕಿಲೋ.

ಈ ಕಣಗಳನ್ನು ಪಿಎಂ 2.5 ಎನ್ನುತ್ತಾರೆ; ಅಡ್ಡಗಲ 2.5 ಮೈಕ್ರಾನ್ ಅಥವಾ ಅದಕ್ಕೂ ಕಡಿಮೆ. ತಲೆಗೂದಲಿನ ದಪ್ಪದ ಇಪ್ಪತ್ತನೆಯ ಒಂದು ಭಾಗವೂ ಇಲ್ಲ. ಹೊಗೆಯ ಕಣಗಳು ಬಹುತೇಕ ಒಂದು ಮೈಕ್ರಾನ್‌ಗಿಂತಲೂ ಚಿಕ್ಕವು. ಮೂಗಿನ ಕೂದಲು, ಗಂಟಲ ಲೋಳೆ ಇವನ್ನು ತಡೆಯಲಾರವು. ಘನಮೀಟರ್ ಗಾಳಿಯಲ್ಲಿ ಇವು ದಿನದ ಸರಾಸರಿಯಲ್ಲಿ 60 ಮೈಕ್ರೋಗ್ರಾಂ ಮೀರಬಾರದೆಂದು 2009ರ ನಮ್ಮ ರಾಷ್ಟ್ರೀಯ ಮಾನದಂಡ ಹೇಳುತ್ತದೆ. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಮಿತಿ 15.

ಈಗ ಹದಿನೈದು ಕಿಲೋವನ್ನು ಗಾಳಿಯಲ್ಲಿ ಹರಡಿ ನೋಡಬೇಕು. ಎಷ್ಟು ಎತ್ತರದವರೆಗೆ ಎಂಬ ಪ್ರಶ್ನೆ ತಕ್ಷಣ ಎದುರಾಗುತ್ತದೆ. ಕೋಟೆಯಿಂದ ಕಂಡ ಸಪಾಟು ಗೆರೆಯ ಅರ್ಥ ಇರುವುದು ಈ ಪ್ರಶ್ನೆಯಲ್ಲೇ.

ಹಗಲಲ್ಲಿ ಸೂರ್ಯ ನೆಲವನ್ನು ಕಾಯಿಸುತ್ತಾನೆ, ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಬಿಸಿ ಗಾಳಿ ಮೇಲೇರಿ ತಣ್ಣನೆಯದು ಕೆಳಗಿಳಿದು, ನೆಲದಿಂದ ಒಂದು–ಎರಡು ಕಿಲೋಮೀಟರ್ ಎತ್ತರದವರೆಗಿನ ಗಾಳಿಯೆಲ್ಲ ಕಲಕಿದಂತಾಗುತ್ತದೆ. ಏಪ್ರಿಲ್ ಮಧ್ಯಾಹ್ನ ದಖ್ಖನ್ ಪ್ರಸ್ಥಭೂಮಿಯ ಮೇಲೆ ಅದು ಎರಡು ಕಿಲೋಮೀಟರನ್ನೂ ದಾಟುತ್ತದೆ. ರಾತ್ರಿ ಎಲ್ಲ ತಿರುವುಮುರುವು. ಮೋಡವಿಲ್ಲದ ಆಕಾಶಕ್ಕೆ ನೆಲ ತನ್ನ ಕಾವನ್ನೆಲ್ಲ ಬಿಟ್ಟುಕೊಟ್ಟು ತಣ್ಣಗಾಗುತ್ತದೆ, ಅದಕ್ಕಂಟಿದ ಗಾಳಿಯೂ ತಣಿದು ಭಾರವಾಗುತ್ತದೆ. ಅದರ ಮೇಲಿನ ಗಾಳಿ ಇನ್ನೂ ಬೆಚ್ಚಗಿರುತ್ತದೆ. ಭಾರದ ತಣ್ಣನೆಯ ಗಾಳಿ ಕೆಳಗೆ, ಹಗುರಾದ ಬೆಚ್ಚನೆಯದು ಮೇಲೆ. ಮೇಲೇಳಲು ಯಾವುದಕ್ಕೂ ಕಾರಣವಿಲ್ಲ. ಪಾತ್ರೆಗೆ ಮುಚ್ಚಳ ಹಾಕಿದಂತೆ ನೂರಿನ್ನೂರು ಮೀಟರ್ ಎತ್ತರದಲ್ಲಿ ಗಾಳಿ ಕಟ್ಟಿಬಿಡುತ್ತದೆ. ಹವಾಮಾನ ಶಾಸ್ತ್ರದಲ್ಲಿ ಇದಕ್ಕೆ ಉಷ್ಣತೆಯ ವಿಲೋಮ ಎಂದು ಹೆಸರು.

ಈ ಮುಚ್ಚಳ ಗಟ್ಟಿಯಾಗಲು ಬೇಕಾದುದು ಒಣ ಹವೆ, ನಿರಭ್ರ ಆಕಾಶ, ದೀರ್ಘ ರಾತ್ರಿ ಮತ್ತು ಗಾಳಿಯ ಸದ್ದಿಲ್ಲದ ಸಂಜೆ. ಡಿಸೆಂಬರ್–ಜನವರಿಯಲ್ಲಿ ರಾಜ್ಯದ ಅತಿ ಕಡಿಮೆ ಉಷ್ಣಾಂಶ ದಾಖಲಾದ ಊರುಗಳ ಪಟ್ಟಿಯನ್ನು ಪತ್ರಿಕೆಯಲ್ಲಿ ನೋಡುವವರಿಗೆ ಅಲ್ಲಿ ಬೀದರ್ ಹೆಸರು ಮತ್ತೆ ಮತ್ತೆ ಬರುವುದು ಗೊತ್ತು. ಸಮುದ್ರ ದೂರ, ಎತ್ತರ ಸುಮಾರು 660 ಮೀಟರ್, ಹವೆ ಒಣ. ಹಗಲಿಗೂ ರಾತ್ರಿಗೂ ಉಷ್ಣಾಂಶದ ಅಂತರ ದೊಡ್ಡದು. ಮೇಲಾಗಿ ತಣಿದ ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಬೀದರ್ ನಗರ ಜಂಬಿಟ್ಟಿಗೆಯ ದಿಬ್ಬದ ಮೇಲಿದೆ. ಮಾಂಜ್ರಾ ಬಯಲು ಅದರ ಕೆಳಗೆ. ಕಬ್ಬು ಇರುವುದೂ ಅದೇ ತಗ್ಗಿನಲ್ಲಿ, ನೀರಿರುವಲ್ಲಿ.

ಇಲ್ಲಿ ಬೆಳೆ, ಭೂಮಿ, ಚಳಿ ಮೂರೂ ಕೂಡುತ್ತವೆ. ಮುಚ್ಚಳ ಇನ್ನೂರು ಮೀಟರ್ ಎತ್ತರದಲ್ಲಿದ್ದರೆ ಆ ಹದಿನೈದು ಕಿಲೋ ಕಣ ಮುನ್ನೂರು ಎಕರೆ ನೆಲದ ಮೇಲಿನ ಗಾಳಿಯನ್ನು 60 ಮೈಕ್ರೋಗ್ರಾಂ ಮಟ್ಟಕ್ಕೆ ತಂದು ನಿಲ್ಲಿಸಬಲ್ಲುದು. ಮೊದಲೇ ಇದ್ದ ದೂಳು, ಒಲೆಯ ಹೊಗೆ, ಲಾರಿಗಳ ಹೊಗೆ ಇದಕ್ಕೆ ಸೇರಿಲ್ಲ. ಒಂದೆಕರೆಯ ಬೆಂಕಿಗೆ ಮುನ್ನೂರು ಎಕರೆಯ ಗಾಳಿ. ಅದೇ ಹೊಲವನ್ನು ಏಪ್ರಿಲ್ ಮಧ್ಯಾಹ್ನ ಸುಟ್ಟಿದ್ದರೆ, ಎರಡು ಕಿಲೋಮೀಟರ್ ಎತ್ತರದವರೆಗೆ ಹರಡಿಕೊಂಡು ಅಷ್ಟೇ ಜಾಗದ ಮೇಲೆ 6 ಮೈಕ್ರೋಗ್ರಾಂ ಮಾತ್ರ ಏರುತ್ತಿತ್ತು. ಗಾಳಿ ಬೀಸಿದರೆ ಇನ್ನೂ ಕಡಿಮೆ. ಇದು ಕಾಗದದ ಮೇಲಿನ ಲೆಕ್ಕ. ಹೊಗೆ ಅಷ್ಟು ಸಮನಾಗಿ ಹರಡುವುದಿಲ್ಲ, ಬೆಂಕಿಯ ಪಕ್ಕದ ಮನೆಗೆ ಹತ್ತು ಪಾಲು ಹೋಗಿ ದೂರದ ಮನೆಗೆ ಏನೂ ತಾಗದಿರಬಹುದು. ಆದರೂ ಹತ್ತು ಪಟ್ಟಿನ ಅಂತರವನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಎಷ್ಟು ಸುಟ್ಟಿತು ಎಂದು ಎಲ್ಲರೂ ಕೇಳುತ್ತಾರೆ. ಯಾವ ಹೊತ್ತಿನಲ್ಲಿ ಸುಟ್ಟಿತು ಎಂಬುದನ್ನು ಅದಕ್ಕಿಂತ ಮೊದಲು ಕೇಳಬೇಕು ಎಂಬುದು ನನ್ನ ವಾದ.

ಏಕೆಂದರೆ ರವದಿಗೆ ಬೆಂಕಿ ಬೀಳುವುದು ಸಾಮಾನ್ಯವಾಗಿ ಸಂಜೆಗೇ. ಕಾರಣ ಕೇಳಿದರೆ ಈ ಭಾಗದ ರೈತರ ಉತ್ತರ ಒಂದೇ: "ಹಗಲಿಗಿ ಗಾಳಿ ಇರ್ತದ್ರಿ. ಬಾಜೂ ಹೊಲದಾಗ ಕಬ್ಬು ನಿಂತದ, ಅದಕ್ಕ ಹತ್ತಿತಂದ್ರ ಯಾರ್ ಕೊಡ್ತಾರ?" ಇದು ಅಜ್ಞಾನದ ಮಾತಲ್ಲ. ಕಟಾವಿಗೆ ಬಂದ ಕಬ್ಬಿಗೆ ಬೆಂಕಿ ಬಿದ್ದರೆ ಒಂದು ವರ್ಷದ ದುಡಿಮೆ ಅರ್ಧ ಗಂಟೆಯಲ್ಲಿ ಬೂದಿ. ಸುತ್ತ ಬದುವಿನಗುಂಟ ರವದಿ ಸರಿಸಿ, ನೀರಿನ ಪೈಪು ಎಳೆದಿಟ್ಟುಕೊಂಡು, ಗಾಳಿ ಬಿದ್ದ ಮೇಲೆ ಗಾಳಿಗೆ ಎದುರಾಗಿ ಬೆಂಕಿ ಹಚ್ಚುವುದು ಅನುಭವದಿಂದ ಬಂದ ವಿವೇಕ. ಆದರೆ ಹೊಲಕ್ಕೆ ಕ್ಷೇಮವಾದ ಹೊತ್ತೇ ಎದೆಗೆ ಕೇಡಿನ ಹೊತ್ತಾಗಿದೆ. ಬೆಂಕಿ ಹರಡದಿರಲು ಬೇಕಾದ ನಿಶ್ಚಲ ಗಾಳಿಯೇ ಹೊಗೆಯನ್ನೂ ಹರಡಗೊಡುವುದಿಲ್ಲ.

ಸಂಜೆಯ ಬೆಂಕಿಯಲ್ಲಿ ಇನ್ನೊಂದು ತೊಡಕಿದೆ, ಅದು ರಸಾಯನಶಾಸ್ತ್ರದ್ದು. ಬೆಂಕಿ ಎರಡು ಬಗೆಯಲ್ಲಿ ಸುಡುತ್ತದೆ. ಗರಿಗರಿ ಒಣಗಿದ ರವದಿ ಧಗಧಗ ಉರಿದರೆ ಇಂಗಾಲದ ಬಹುಪಾಲು ಪೂರ್ತಿ ಸುಟ್ಟು ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಇಬ್ಬನಿ ತಾಗಿದ ಎಲೆ, ದಪ್ಪಗೆ ಬಿದ್ದ ರಾಶಿ, ಕಬ್ಬಿನ ಬುಡ, ಬದುವಿನ ಹಸಿ ಹುಲ್ಲು ಉರಿಯುವುದಿಲ್ಲ, ಹೊಗೆಯಾಡುತ್ತವೆ. ಆಗ ಕಾರ್ಬನ್ ಮಾನಾಕ್ಸೈಡ್ ಹೆಚ್ಚು, ಅರೆಬೆಂದ ಟಾರಿನಂಥ ಸಾವಯವ ವಸ್ತುಗಳು ಹೆಚ್ಚು, ಕಣಗಳೂ ಹಲವು ಪಟ್ಟು ಹೆಚ್ಚು. ಹೊಗೆಯ ಬಣ್ಣದಲ್ಲೇ ಇದನ್ನು ಗುರುತಿಸಬಹುದು. ಜ್ವಾಲೆಯಿಂದ ಬರುವುದು ಕಪ್ಪು, ಅದರಲ್ಲಿ ಮಸಿ ಜಾಸ್ತಿ. ಹೊಗೆಯಾಡುವ ರಾಶಿಯಿಂದ ಬರುವುದು ಬಿಳಿ, ದಟ್ಟ, ಕಣ್ಣುರಿಸುವಂಥದ್ದು. ಹೊರಬಂದ ಇಂಗಾಲದಲ್ಲಿ ಡೈಆಕ್ಸೈಡಿನ ಪಾಲೆಷ್ಟು, ಮಾನಾಕ್ಸೈಡಿನ ಪಾಲೆಷ್ಟು ಎಂದು ಅಳೆದು ವಿಜ್ಞಾನಿಗಳು ಬೆಂಕಿಯ ದಹನ ದಕ್ಷತೆಯನ್ನು ಹೇಳುತ್ತಾರೆ. ನೂರಕ್ಕೆ ತೊಂಬತ್ತಕ್ಕೂ ಮೇಲೆ ಡೈಆಕ್ಸೈಡ್ ಆಗಿದ್ದರೆ ಅದು ಉರಿ. ಎಂಬತ್ತೈದರ ಕೆಳಗಿಳಿದರೆ ಬರೀ ಹೊಗೆ. ಸಂಜೆ ಆರಕ್ಕೆ ಹಚ್ಚಿದ ಬೆಂಕಿಯ ಜ್ವಾಲೆ ಅರ್ಧ ಗಂಟೆಯಲ್ಲಿ ಮುಗಿದರೂ ಅಂಚಿನ ಬುಡಗಳು ರಾತ್ರಿಯಿಡೀ ಹೊಗೆಯಾಡುತ್ತಿರುತ್ತವೆ, ಮುಚ್ಚಳ ಅತ್ಯಂತ ಬಿಗಿಯಾಗಿರುವ ತಾಸುಗಳಲ್ಲಿ. ಮೇಲಿನ ಲೆಕ್ಕದಲ್ಲಿ ನಾನು ಹಿಡಿದ ಆರು ಗ್ರಾಂ ಆ ಹೊಗೆಗೆ ಕಡಿಮೆಯೇ ಆಯಿತು.

ಇಷ್ಟೆಲ್ಲ ನಡೆಯುವಾಗ ಆಕಾಶದಿಂದ ನೋಡುವವರು ಏನು ನೋಡಿದರು? ನಾಸಾದ ಟೆರ್ರಾ ಉಪಗ್ರಹ 1999ರಲ್ಲಿ, ಆಕ್ವಾ 2002ರಲ್ಲಿ ಮೇಲೇರಿದವು. ಅವುಗಳಲ್ಲಿರುವ ಮೋಡಿಸ್ ಉಪಕರಣ ನೆಲವನ್ನು ಒಂದು ಕಿಲೋಮೀಟರ್ ಚೌಕಗಳಾಗಿ ನೋಡಿ, ಸುತ್ತಲಿಗಿಂತ ಅಸಹಜವಾಗಿ ಕಾದ ಚೌಕಕ್ಕೆ ಗುರುತು ಹಾಕುತ್ತದೆ. 2011ರಲ್ಲಿ ಹೋದ ಸುವೋಮಿ ಎನ್‌ಪಿಪಿಯಲ್ಲಿನ ವಿಯರ್ಸ್ ಉಪಕರಣದ ಚೌಕ 375 ಮೀಟರಿನದು, ಹಾಗೆಂದರೂ ಸುಮಾರು ಮೂವತ್ತೈದು ಎಕರೆ. ಬೆಂಕಿ ಸಾಕಷ್ಟು ಕಾದಿದ್ದರೆ ಚೌಕದ ಒಂದು ಮೂಲೆಯಲ್ಲಿದ್ದರೂ ಸಿಕ್ಕಿಬೀಳುತ್ತದೆ. ಇವುಗಳಿಂದ ಬಂದ ಮಾಹಿತಿಯನ್ನು ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಸಂಗ್ರಹಿಸುತ್ತದೆ. ಅದರ ಭೂಕೇಂದ್ರ ಹೈದರಾಬಾದಿನ ಹತ್ತಿರದ ಶಾದನಗರದಲ್ಲಿದೆ. ಬೀದರಿನವರ ಪಾಲಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಡೆಹ್ರಾಡೂನಿನ ಭಾರತೀಯ ಅರಣ್ಯ ಸಮೀಕ್ಷೆ 2004ರಿಂದ ಅರಣ್ಯ ಇಲಾಖೆಗಳಿಗೆ ಬೆಂಕಿಯ ಎಚ್ಚರಿಕೆ ಕಳಿಸುತ್ತಾ ಬಂದಿದೆ. ಉಪಗ್ರಹ ಅಳೆದ ಶಾಖದಿಂದ ಸುಟ್ಟ ಸರಕಿನ ತೂಕವನ್ನೂ ಹೇಳಬಹುದು. ಒಂದು ಮೆಗಾಜೂಲ್ ಶಾಖ ಹೊರಸೂಸಿದರೆ ಸುಮಾರು 368 ಗ್ರಾಂ ಒಣ ಸರಕು ಸುಟ್ಟಿದೆ ಎಂದು ಲಂಡನ್ನಿನ ಕಿಂಗ್ಸ್ ಕಾಲೇಜಿನ ಮಾರ್ಟಿನ್ ವೂಸ್ಟರ್ ಮತ್ತು ಸಂಗಡಿಗರು 2005ರಲ್ಲಿ ಪ್ರಯೋಗದಿಂದ ತೋರಿಸಿದರು. ಹೊಲಕ್ಕೆ ಕಾಲಿಡದೆ ರವದಿ ತೂಗುವ ತಕ್ಕಡಿ ಅದು. ಕೇಳಿದಾಗಲೆಲ್ಲ ನನಗೆ ರೋಮಾಂಚನವಾಗುತ್ತದೆ.

ಆದರೆ ಈ ಉಪಗ್ರಹಗಳು ಒಂದೂರಿನ ಮೇಲೆ ಹಾಯುವುದು ದಿನಕ್ಕೆ ಕೆಲವೇ ಸಲ. ವಿಯರ್ಸ್ ಇರುವವು ಮಧ್ಯಾಹ್ನ ಒಂದೂವರೆ ಮತ್ತು ರಾತ್ರಿ ಒಂದೂವರೆಯ ಆಸುಪಾಸು. ಸಂಜೆ ಆರರಿಂದ ಏಳರ ನಡುವೆ ಉರಿದು ಮುಗಿದ ಒಂದೆಕರೆಯ ಬೆಂಕಿ ಈ ಎರಡು ನೋಟಗಳ ನಡುವೆ ಬಿದ್ದು ಹೋಗುತ್ತದೆ. ನಡುರಾತ್ರಿಯ ನೋಟಕ್ಕೆ ಉಳಿದಿರುವುದು ಬೂದಿ ಮತ್ತು ಹೊಗೆಯಾಡುವ ಬುಡಗಳು. ಅವುಗಳ ಕಾವು ಚೌಕದ ಲೆಕ್ಕಕ್ಕೆ ಸಾಲದು. ಪಂಜಾಬಿನಲ್ಲಿ ಭತ್ತದ ಕೂಳೆ ಸುಡುವುದು ಕಡಿಮೆಯಾಗಿದೆ ಎಂದು ಎಣಿಕೆಗಳು ಹೇಳುತ್ತಿದ್ದಾಗ, ಬೆಂಕಿ ಇಳಿದಿಲ್ಲ, ಮಧ್ಯಾಹ್ನದಿಂದ ಸಂಜೆಗೆ ಸರಿದಿದೆ ಎಂದು ನಾಸಾದ ಹಿರೇನ್ ಜೇಠ್ವಾ 2024ರಲ್ಲಿ ತೋರಿಸಿದರು. ಅದಕ್ಕೆ ಅವರು ಬಳಸಿದ್ದು ಒಂದೇ ಕಡೆ ನಿಂತು ಕೆಲವೇ ನಿಮಿಷಗಳಿಗೊಮ್ಮೆ ನೋಡುವ ಕೊರಿಯಾದ ಭೂಸ್ಥಿರ ಉಪಗ್ರಹದ ಚಿತ್ರಗಳನ್ನು. ಪಂಜಾಬಿನದು ಒಂದೇ ತಿಂಗಳಲ್ಲಿ ಲಕ್ಷಾಂತರ ಎಕರೆಯ ಬೆಂಕಿ. ಭಾಲ್ಕಿಯದು ನಾಲ್ಕು ತಿಂಗಳ ಉದ್ದಕ್ಕೂ ಇಂದೊಂದು, ನಾಳೆ ಎರಡು. ಎಣಿಕೆಯ ಬಲೆಯಿಂದ ನುಸುಳಲು ಇದಕ್ಕಿಂತ ಒಳ್ಳೆಯ ಏರ್ಪಾಡಿಲ್ಲ.

ಎಣಿಕೆಯ ಏರ್ಪಾಡೂ ಹಾಗೆಯೇ ಇದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಉಪಗ್ರಹದಿಂದ ಕೂಳೆ ಬೆಂಕಿ ಲೆಕ್ಕವಿಟ್ಟು ಹಂಗಾಮಿನಲ್ಲಿ ದಿನನಿತ್ಯ ಪ್ರಕಟಿಸುತ್ತದೆ. ಅದು ಪಂಜಾಬ್, ಹರಿಯಾಣ, ಉತ್ತರ ಪ್ರದೇಶ, ದೆಹಲಿ, ರಾಜಸ್ಥಾನ, ಮಧ್ಯ ಪ್ರದೇಶಗಳದ್ದು. ಕೇಂದ್ರದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮ 2019ರಲ್ಲಿ ಶುರುವಾದಾಗ ಕರ್ನಾಟಕದಿಂದ ಸೇರಿದ್ದು ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ದಾವಣಗೆರೆ, ಕಲಬುರಗಿ. ಬೀದರ್ ಇಲ್ಲ. ಭಾಲ್ಕಿ, ಔರಾದಿನಂಥ ತಾಲ್ಲೂಕು ಊರುಗಳ ಮಾತೇ ಬೇಡ. ಗಾಳಿ ಕೆಡುವುದು ದೊಡ್ಡ ಪಟ್ಟಣಗಳಲ್ಲಿ ಎಂಬ ನಂಬಿಕೆಯ ಮೇಲೆ ನಿಂತ ವ್ಯವಸ್ಥೆ ಇದು. ಆ ನಂಬಿಕೆ ಅರ್ಧ ಸುಳ್ಳು ಎಂಬುದಕ್ಕೆ ನಮ್ಮದೇ ದಖ್ಖನ್ನಿನಿಂದ ಒಂದು ಸುಂದರವಾದ ಪುರಾವೆ ಇದೆ.

1999ರಲ್ಲಿ ಹಿಂದೂ ಮಹಾಸಾಗರದ ಮೇಲೆ ದೊಡ್ಡದೊಂದು ವೈಜ್ಞಾನಿಕ ಅಭಿಯಾನ ನಡೆಯಿತು. ಮುಂದಾಳುಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕದಲ್ಲಿ ನೆಲೆಸಿದ ವೀರಭದ್ರನ್ ರಾಮನಾಥನ್ ಮತ್ತು ಅದೇ ಕ್ರುಟ್ಜನ್. ಚಳಿಗಾಲದಲ್ಲಿ ದಕ್ಷಿಣ ಏಷ್ಯಾದ ಮೇಲೆ ಮೂರು ಕಿಲೋಮೀಟರ್ ದಪ್ಪದ ಕಂದು ಹೊಗೆಪದರ ಕವಿದಿರುತ್ತದೆ ಎಂದು ಅದು ತೋರಿಸಿತು. ಕೂಡಲೇ ಜಗಳವೂ ಹುಟ್ಟಿತು: ಈ ಹೊಗೆ ಡೀಸೆಲ್–ಕಲ್ಲಿದ್ದಲಿನದೋ, ಒಲೆ–ಹೊಲಗಳದ್ದೋ? ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಓರಿಯನ್ ಗುಸ್ತಾಫ್‌ಸನ್ ತಂಡ ಉತ್ತರ ಹುಡುಕಿದ ಬಗೆ ಹೀಗಿದೆ. ಜೀವಂತ ಗಿಡ ಗಾಳಿಯಿಂದ ಇಂಗಾಲ ಹೀರುವಾಗ ಕಾರ್ಬನ್–14 ಎಂಬ ವಿಕಿರಣಶೀಲ ಇಂಗಾಲವನ್ನೂ ಚೂರು ಹೀರುತ್ತದೆ. ಅದು 5,730 ವರ್ಷಗಳಿಗೊಮ್ಮೆ ಅರ್ಧಕ್ಕಿಳಿಯುತ್ತದೆ. ಕೋಟ್ಯಂತರ ವರ್ಷ ನೆಲದಡಿ ಇದ್ದ ಕಲ್ಲಿದ್ದಲು, ಪೆಟ್ರೋಲಿಯಂಗಳಲ್ಲಿ ಅದರ ಕುರುಹೂ ಉಳಿದಿರುವುದಿಲ್ಲ. ಹೋದ ವರ್ಷ ಬೆಳೆದ ಕಬ್ಬಿನೆಲೆಯಲ್ಲಿ ಪೂರ್ತಿ ಇರುತ್ತದೆ. ಆದ್ದರಿಂದ ಮಸಿಯೊಳಗಿನ ಕಾರ್ಬನ್–14 ಅಳೆದರೆ ಅದು ಯಾರ ಮನೆಯದೆಂದು ತಿಳಿಯುತ್ತದೆ. ಮಾಲ್ದೀವ್ಸ್‌ನ ಒಂದು ದ್ವೀಪದಲ್ಲಿ ಮತ್ತು ಪುಣೆಯ ಬಳಿಯ ಸಿಂಹಗಡದ ತುದಿಯಲ್ಲಿ ಗಾಳಿಯನ್ನು ಸೋಸಿ ಅವರು ಮಾದರಿ ಹಿಡಿದರು. 2009ರಲ್ಲಿ ಬಂದ ಫಲಿತಾಂಶದ ಪ್ರಕಾರ ಇಂಗಾಲದ ಕಣಗಳಲ್ಲಿ ಸುಮಾರು ಮೂರನೆಯ ಎರಡು ಪಾಲು ಕಟ್ಟಿಗೆ, ಬೆರಣಿ, ಬೆಳೆ, ಕಾಡುಗಳನ್ನು ಸುಟ್ಟದ್ದರಿಂದಲೇ ಬಂದಿತ್ತು. ಪಟ್ಟಣದ ಹೊಗೆಯಷ್ಟೇ ಹಳ್ಳಿಯ ಹೊಗೆಯನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಒಂದು ಮರಾಠಾ ಕೋಟೆಯ ಮೇಲಿನ ಮಸಿ ಹೇಳಿತು. ಬಹಮನಿಗಳ ಕೋಟೆಯ ಮೇಲೆ ಯಾಕೆ ಅಂಥದೊಂದು ಸೋಸುಯಂತ್ರ ಇರಬಾರದು ಎಂದು ನನಗೆ ಅನ್ನಿಸಿದ್ದುಂಟು.

ಕಾಡು–ಹುಲ್ಲುಗಾವಲಿನ ಬೆಂಕಿಯನ್ನು ಇಲ್ಲಿ ಚುಟುಕಾಗಿ ಮುಗಿಸಬಹುದು. ದೇಶದ ಅರಣ್ಯದಲ್ಲಿ ಶೇ 36ಕ್ಕೂ ಹೆಚ್ಚು ಭಾಗ ಆಗಾಗ ಬೆಂಕಿಗೆ ತುತ್ತಾಗುವಂಥದ್ದು ಎಂದು ಅರಣ್ಯ ಸಮೀಕ್ಷೆ 2019ರಲ್ಲಿ ಹೇಳಿತ್ತು. ಬೀದರಿನ ಕುರುಚಲು ಕಾಡು, ಹುಲ್ಲುಗಾವಲುಗಳಲ್ಲಿ ಬೆಂಕಿ ಬೀಳುವುದು ಫೆಬ್ರುವರಿಯಿಂದ ಮೇ ತನಕ, ಹೆಚ್ಚಾಗಿ ಬಿಸಿಲ ಹೊತ್ತಿನಲ್ಲಿ. ಎಸೆದ ಬೀಡಿ, ಹೊಸ ಹುಲ್ಲು ಚಿಗುರಲೆಂದು ಹಚ್ಚಿದ ಕಡ್ಡಿ, ಪಕ್ಕದ ಹೊಲದಿಂದ ದಾಟಿದ ಜ್ವಾಲೆ. ನೆಲದ ಮೇಲೆ ಗೂಡು ಕಟ್ಟುವ ಟಿಟ್ಟಿಭ, ನೆಲಗುಬ್ಬಿಗಳಿಗೆ, ಎಳೆ ಕೃಷ್ಣಮೃಗಗಳಿಗೆ ಅದು ಸಾವು. ಆದರೆ ಹುಲ್ಲು ಒಣದ್ದು, ಉರಿ ಚುರುಕು, ಹೊಗೆ ಎರಡು ಕಿಲೋಮೀಟರ್ ಏರಿ ಚದುರುತ್ತದೆ, ಉಪಗ್ರಹಕ್ಕೂ ಕಾಣುತ್ತದೆ. ಔರಾದಿನ ಮೇ ತಿಂಗಳ ತೊಗರಿ ಕಟ್ಟಿಗೆಯ ಬೆಂಕಿಗೂ ಇದೇ ಮಾತು ಬಹುಮಟ್ಟಿಗೆ ಸಲ್ಲುತ್ತದೆ. ಎಚ್ಚರಿಕೆಯ ವ್ಯವಸ್ಥೆಯೆಲ್ಲ ಇರುವುದು ಹೀಗೆ ಕಾಣುವ ಬೆಂಕಿಗೆ. ಉಸಿರಿಗೆ ಹೆಚ್ಚು ಕಂಟಕವಾದ ಜನವರಿಯ ಸಂಜೆಯ ಬೆಂಕಿಗೆ ಯಾವ ಎಸ್‌ಎಂಎಸ್ಸೂ ಹೊರಡುವುದಿಲ್ಲ.

ಉಸಿರಿಗೆ ಏನಾಗುತ್ತದೆ? ಕಣಗಳು ಶ್ವಾಸಕೋಶದ ಕೊನೆಯ ಗಾಳಿಗೂಡುಗಳವರೆಗೆ ಇಳಿದು ಅಲ್ಲಿ ಉರಿಯೂತ ಎಬ್ಬಿಸುತ್ತವೆ. ಅತಿ ಚಿಕ್ಕವು ರಕ್ತಕ್ಕೂ ದಾಟುತ್ತವೆ. ಉಬ್ಬಸ ಇರುವವರಿಗೆ ಅದೇ ರಾತ್ರಿ ಗೊತ್ತಾಗುತ್ತದೆ, ಹೃದ್ರೋಗಿಗಳಿಗೆ ಒಂದೆರಡು ದಿನದಲ್ಲಿ. ದಕ್ಷಿಣ ಕ್ಯಾಲಿಫೋರ್ನಿಯಾದ ಆಸ್ಪತ್ರೆ ದಾಖಲೆಗಳನ್ನು ನೋಡಿದ 2021ರ ಅಧ್ಯಯನವೊಂದು, ಅಷ್ಟೇ ತೂಕದ ಬೇರೆ ಕಣಗಳಿಗಿಂತ ಕಾಡ್ಗಿಚ್ಚಿನ ಕಣಗಳು ಉಸಿರಾಟದ ಕಾಯಿಲೆಗೆ ಹೆಚ್ಚು ಕಾರಣವಾಗುತ್ತವೆ, ಕೆಲವೊಮ್ಮೆ ಹತ್ತು ಪಟ್ಟಿನವರೆಗೆ ಎಂದಿತು. ಭಾರತದಲ್ಲಿ ಎರಡೂವರೆ ಲಕ್ಷ ಜನರ ಆರೋಗ್ಯ ಸಮೀಕ್ಷೆಯನ್ನು ಉಪಗ್ರಹದ ಬೆಂಕಿ ಎಣಿಕೆಯ ಜತೆ ಹೋಲಿಸಿದ 2019ರ ಅಧ್ಯಯನ, ಬೆಳೆಯುಳಿಕೆ ವಿಪರೀತ ಸುಡುವ ಜಿಲ್ಲೆಗಳಲ್ಲಿ ತೀವ್ರ ಉಸಿರಾಟದ ಸೋಂಕಿನ ಅಪಾಯ ಮೂರು ಪಟ್ಟು ಎಂದು ಕಂಡುಕೊಂಡಿತು. ಸಮೀಕ್ಷೆಗೆ ಸಿಕ್ಕದ ಸಂಗತಿ ಇನ್ನೊಂದು: ಸಂಜೆ ಆರರಿಂದ ಬೆಳಗಿನ ಎಂಟರವರೆಗೆ ಹಳ್ಳಿಯ ಎಲ್ಲರೂ ಹೊಗೆಯ ಜತೆಗೇ ಮನೆಯಲ್ಲಿರುತ್ತಾರೆ, ಮಕ್ಕಳು ಓದುತ್ತ, ಮುದುಕರು ಮಲಗಿ. ಅದೇ ಹೊತ್ತಿಗೆ ಒಲೆಯೂ ಉರಿಯುತ್ತಿರುತ್ತದೆ.

ಕಬ್ಬಿನ ಹೊಗೆಯದೇ ಅಧ್ಯಯನ ಬೇಕೆಂದರೆ ಬ್ರೆಜಿಲ್‌ಗೆ ಹೋಗಬೇಕು. ಸಾವ್ ಪಾವ್ಲೊ ರಾಜ್ಯದ ಪಿರಾಸಿಕಾಬಾ ಕಬ್ಬಿನ ನಡುವಿನ ಊರು. ಅಲ್ಲಿ ಕಟಾವಿಗೆ ಮುಂಚೆಯೇ ನಿಂತ ಕಬ್ಬಿನ ಒಣ ಎಲೆಗೆ ಬೆಂಕಿ ಹಚ್ಚುತ್ತಿದ್ದರು, ಕೂಲಿಗಳಿಗೆ ಕಡಿಯಲು ಸುಲಭವಾಗಲೆಂದು. ಒಂದು ವರ್ಷದುದ್ದಕ್ಕೂ ಗಾಳಿ ಸೋಸಿ, ಆಸ್ಪತ್ರೆಗೆ ದಾಖಲಾದವರ ಲೆಕ್ಕವಿಟ್ಟು 2006ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಪಿಎಂ 2.5 ಹತ್ತು ಮೈಕ್ರೋಗ್ರಾಂನಷ್ಟು ಏರಿದಾಗ ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರುವ ಮಕ್ಕಳ ಸಂಖ್ಯೆ ಶೇ 21ರಷ್ಟು ಏರುತ್ತಿತ್ತು. ನಮ್ಮ ಒಂದೆಕರೆ ಮುನ್ನೂರು ಎಕರೆಯ ಮೇಲೆ ಏರಿಸುವುದು 60 ಎಂಬುದನ್ನು ಇಲ್ಲಿ ನೆನೆಯಬೇಕು. 2002ರಲ್ಲಿ ಆ ರಾಜ್ಯ ಬೆಂಕಿಯನ್ನು ಹಂತಹಂತವಾಗಿ ನಿಲ್ಲಿಸುವ ಕಾನೂನು ತಂದಿತ್ತು. 2007ರಲ್ಲಿ ಕಾರ್ಖಾನೆಗಳ ಜತೆ ಒಪ್ಪಂದ ಮಾಡಿಕೊಂಡು ಗಡುವನ್ನು ಹಿಂದಕ್ಕೆಳೆಯಿತು. ಯಂತ್ರ ಬಂದು ಬೆಂಕಿ ಬಹುಮಟ್ಟಿಗೆ ನಿಂತಿತು, ಸಾವಿರಾರು ಕಟಾವು ಕೂಲಿಗಳ ಕೆಲಸವೂ ಹೋಯಿತು. ಆ ದಾರಿಯನ್ನು ಹಾಗೆಯೇ ಇಲ್ಲಿಗೆ ತರಬೇಕೆಂದು ನಾನು ಹೇಳಲಾರೆ. ಆದರೆ ನಮ್ಮಲ್ಲಿ ಬೆಂಕಿ ಬೀಳುವುದು ಕಟಾವಿನ ನಂತರ. ಕೂಲಿಯ ಅನ್ನಕ್ಕೂ ಅದಕ್ಕೂ ಸಂಬಂಧವಿಲ್ಲ. ಆ ಮಟ್ಟಿಗೆ ನಮ್ಮ ಕೆಲಸ ಸುಲಭ.

ಹಗಲಲ್ಲಿ ಸುಡಿ ಎಂದರೆ ಪಕ್ಕದ ಹೊಲಕ್ಕೆ ಅಪಾಯ, ಸಂಜೆ ಸುಡಬೇಡಿ ಎಂದಷ್ಟೇ ಹೇಳಿದರೆ ಯಾರೂ ಕೇಳುವುದಿಲ್ಲ. ಹಾಗಾಗಿ ಉಳಿಯುವ ದಾರಿ ಸುಡದಿರುವುದೇ, ಅದಕ್ಕೆ ರೈತನಿಗೆ ಕಾರಣ ಬೇಕು. ಮೂರು ಟನ್ ರವದಿಯಲ್ಲಿ ಹತ್ತು–ಹನ್ನೆರಡು ಕಿಲೋ ಸಾರಜನಕ ಇರುತ್ತದೆ, ಅರ್ಧ ಚೀಲ ಯೂರಿಯಾದಷ್ಟು. ಬೆಂಕಿಯಲ್ಲಿ ಅದು ಬಹುತೇಕ ಗಾಳಿಗೆ ಹೋಗುತ್ತದೆ. ರವದಿ ಮುಚ್ಚಿದ ಎರೆ ನೆಲದ ತೇವ ಬೇಸಿಗೆಯಲ್ಲಿ ಬೇಗ ಆರುವುದಿಲ್ಲ, ಬಿರುಕು ಬಿಡುವುದು ತಡ, ಕಳೆ ಕಡಿಮೆ. ಹಾಗೆ ಮಾಡುತ್ತಿರುವ ರೈತರು ಒಂದು ಸಾಲು ಬಿಟ್ಟು ಒಂದು ಸಾಲಿಗೆ ರವದಿ ಎಳೆದು ಹಾಕುತ್ತಾರೆ. ಖಾಲಿ ಸಾಲಿನಲ್ಲಿ ನೀರು ಹರಿಯುತ್ತದೆ, ತುಂಬಿದ ಸಾಲಿನಲ್ಲಿ ಸಗಣಿ ರಾಡಿ, ಸ್ವಲ್ಪ ಯೂರಿಯಾ, ಸೂಪರ್ ಫಾಸ್ಫೇಟ್ ಬಿದ್ದು ಎಲೆ ಕೊಳೆಯುತ್ತದೆ. ಟ್ರ್ಯಾಕ್ಟರಿನ ಹಿಂದೆ ಕಟ್ಟುವ ರವದಿ ಪುಡಿ ಮಾಡುವ ಯಂತ್ರ ಇದ್ದರೆ ಕೆಲಸ ಇನ್ನೂ ಸಲೀಸು, ಎರಡು–ಮೂರೆಕರೆಯವರು ಕೊಳ್ಳುವಂಥದಲ್ಲವಾದ್ದರಿಂದ ಅದು ಬಾಡಿಗೆಗೆ ಸಿಗಬೇಕು. ಕಬ್ಬಿನ ಕಟಾವಿನ ಸರದಿ ಪಟ್ಟಿ ಇರುವುದು ಕಾರ್ಖಾನೆಯ ಕೈಯಲ್ಲಿ. ಯಾವ ಹೊಲ ಯಾವ ದಿನ ಖಾಲಿಯಾಗುತ್ತದೆಂದು ಅದಕ್ಕೆ ಮೊದಲೇ ಗೊತ್ತು. ಆ ಪಟ್ಟಿಯ ಹಿಂದೆಯೇ ಯಂತ್ರವನ್ನೂ ಕಳಿಸಲು ಬರುತ್ತದೆ.

ಎಣಿಕೆಯ ಕೆಲಸವೂ ಕೈಗೆಟುಕುವಂಥದ್ದೇ. ಬೆಳಕು ಹಾಯಿಸಿ ಕಣ ಎಣಿಸುವ ಚಿಕ್ಕ ಸಂವೇದಕಗಳು ಈಗ ಕೆಲವು ಸಾವಿರ ರೂಪಾಯಿಗೆ ಸಿಗುತ್ತವೆ. ಮಂಜಿನ ಹನಿಯನ್ನೂ ಕಣವೆಂದು ಎಣಿಸುವ ದೋಷ ಅವಕ್ಕಿದೆ, ನಿಖರ ಯಂತ್ರವೊಂದರ ಪಕ್ಕದಲ್ಲಿಟ್ಟು ತಿದ್ದಿಕೊಳ್ಳಬೇಕು. ಬೀದರಿನ ದಿಬ್ಬದ ಮೇಲೊಂದು, ಮಾಂಜ್ರಾ ತಗ್ಗಿನ ಕಬ್ಬಿನೂರಿನಲ್ಲೊಂದು, ಕಬ್ಬಿಲ್ಲದ ಔರಾದಿನಲ್ಲೊಂದು ಇಟ್ಟು ನವೆಂಬರಿನಿಂದ ಮಾರ್ಚ್‌ವರೆಗೆ ಗಂಟೆಗೊಮ್ಮೆ ದಾಖಲಿಸಿದರೆ ಸಾಕು. ಸಂಜೆ ಏಳರ ಏರಿಕೆ ಯಾವ ಊರಿನದು, ಯಾವ ಬೆಂಕಿಯದು ಎಂಬುದು ಒಂದೇ ಹಂಗಾಮಿನಲ್ಲಿ ತೇಲಿ ಬರುತ್ತದೆ. ಅರಣ್ಯ ಬೆಂಕಿಯ ಹೊಣೆ ಹೊತ್ತ ಇಲಾಖೆ ಮತ್ತು ಗಾಳಿ ಅಳೆಯುವ ಮಾಲಿನ್ಯ ನಿಯಂತ್ರಣ ಮಂಡಳಿ ಎರಡೂ ರಾಜ್ಯದಲ್ಲಿ ಒಬ್ಬರೇ ಸಚಿವರ ಕೆಳಗೆ ಬರುತ್ತವೆ. 2023ರಲ್ಲಿ ಆ ಖಾತೆ ವಹಿಸಿಕೊಂಡ ಈಶ್ವರ ಖಂಡ್ರೆ ಭಾಲ್ಕಿಯ ಶಾಸಕರು.